ಬೋಣಿ ಮುಗಿಯುವ ತನಕ

ಜುಲೈ 8, 1985, ಸೋಮವಾರ

ಇವತ್ತು ಕಾಲೇಜಿನ ಪ್ರಿನ್ಸಿಪಾಲರು ನಮ್ಮ ಅಂಗಡಿಗೆ ಬಂದಿದ್ದರು. ಮಂಡಕ್ಕಿ ಬೇಕಾಗಿರಬೇಕೆಂದು ಒಂದು ಸೇರು ಅಳೆದು ಕಾಗದದಲ್ಲಿ ಕಟ್ಟಿಯೇ ಬಿಟ್ಟೆ. ಅವರು ಬಂದದ್ದು ನನ್ನನ್ನು ಕರೆಯಲಿಕ್ಕೆ! ಯೂನಿವರ್ಸಿಟಿಯವರು ಹೊಸ ಯೋಜನೆ ಹಾಕಿದ್ದಾರಂತೆ. ಡಿಗ್ರಿ ಮುಗಿಸಿದವರು ನೌಕರಿಗೆ ಅರ್ಜಿ ಹಾಕುತ್ತ ಕೂರುವ ಬದಲು ಮೂರು ಮೂರು ಜನ ಸೇರಿ ಏನಾದರೊಂದು ಕಸುಬು ಶುರು ಮಾಡಬೇಕು, ವ್ಯಾಪಾರದಲ್ಲಿ ಪಳಗಿದವರು ಒಂದೊಂದು ಗುಂಪಿಗೆ ಮಾರ್ಗದರ್ಶಕರಾಗಿ ನಿಲ್ಲಬೇಕು. ನಾನು ಮಾರ್ಗದರ್ಶಕಿ! ಏಳನೇ ಕ್ಲಾಸು ಮುಗಿಯುವ ಮುಂಚೆ ಮದುವೆ ಮಾಡಿ ಕಳಿಸಿದ ನಮ್ಮಪ್ಪ ಬದುಕಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

"ಕೊಟ್ಟೂರಾಗ ಗಂಡಸರು ಮುಗದು ಹೋದ್ರೇನ್ರಿ ಸರ?" ಎಂದೆ.

"ಒಂದು ಮಂಡಕ್ಕಿ ಭಟ್ಟಿ ಇದ್ದದ್ದನ್ನ ನಾಕು ಮಾಡಿದ ಗಂಡಸರು ಯಾರದಾರ, ನೀವs ಹೇಳ್ರಿ ಬಸಮ್ಮಾರ" ಎಂದರು.

ಏನು ಹೇಳಲಿ? ಯಜಮಾನರು ತೀರಿಕೊಂಡಾಗ ಭಟ್ಟಿ ಮಾರಿ ತವರಿಗೆ ಹೋಗು ಎಂದವರೇ ಎಲ್ಲ. ಮಾರಲಿಲ್ಲ. ಈಗ ದಾವಣಗೆರೆ ತನಕ ನಮ್ಮ ಮಂಡಕ್ಕಿ ಚೀಲ ಹೋಗುತ್ತದೆ. ಅಂಗಡಿಯಲ್ಲಿ ಅಳೆದುಕೊಡುವ ಹೈದರಸಾಬ ಎಲ್ಲ ಕೇಳಿಸಿಕೊಂಡು, "ಹೋಗ್ರಿ ಅಕ್ಕಾರ. ನಿಮ್ಮ ಬೈಗುಳ ನಾವಷ್ಟs ತಿಂದ್ರ ಹ್ಯಾಂಗ, ಓದಿದ ಮಂದಿನೂ ತಿನ್ನಲಿ" ಎಂದ. ಯಜಮಾನರ ಕಾಲದಿಂದ ಇರುವವನು, ಬಾಯಿಗೆ ಬೀಗವಿಲ್ಲ.

ಹೋಗುತ್ತೇನೆ ಎಂದು ಹೇಳಿ ಕಳಿಸಿದೆ. ಯಾಕೆ ಹೇಳಿದೆನೋ ಆ ಶಿವನಿಗೇ ಗೊತ್ತು.

ಜುಲೈ 15

ಕಾಲೇಜಿಗೆ ಹೋಗಿ ಬಂದೆ. ಇನ್ನೂ ಸುಧಾರಿಸಿಕೊಂಡಿಲ್ಲ.

ನನ್ನ ಪಾಲಿಗೆ ಬಂದ ಗುಂಪಿನಲ್ಲಿ ಮೂವರು. ತೆಲಿಗಿಯ ಪಾಲಾಕ್ಷಪ್ಪ ಬಿ.ಕಾಂ., ಯಾವಾಗಲೂ ಕೈಯಲ್ಲೊಂದು ಫೈಲು. ಕೂಡ್ಲಿಗಿಯ ಮೆಕ್ಯಾನಿಕ್ ಮನೆಯ ಹುಡುಗ ಉಸ್ಮಾನ್, ಒಂದು ಕಡೆ ಕೂತವನೇ ಅಲ್ಲ. ಮೂರನೆಯವಳು ಹುಡುಗಿ! ಇಟ್ಟಿಗಿಯ ಮೈಲಮ್ಮ, ಕುರಿ ಸಾಕುವವರ ಮನೆಯವಳು, ಬಿ.ಎ. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ರೂಮು ಹಿಡಿದು ಶೇಂಗಾ ಚಿಕ್ಕಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುತ್ತಾರಂತೆ. ಪಾಲಾಕ್ಷಪ್ಪ ಫೈಲು ಬಿಚ್ಚಿ ಇಂಗ್ಲಿಷಿನಲ್ಲಿ ಓದಿದ, ಆಮೇಲೆ ಕನ್ನಡದಲ್ಲಿ ಹೇಳಿದ. ಐದು ವರ್ಷದಲ್ಲಿ ಬೆಂಗಳೂರಿಗೂ ಚಿಕ್ಕಿ ಹೋಗುತ್ತದಂತೆ.

"ಭೇಷ್. ಈಗ ಒಂದು ತುಂಡು ಕೊಡು, ತಿಂದು ನೋಡ್ತೀನಿ" ಎಂದೆ.

"ಇನ್ನಾ ಮಾಡಿಲ್ರಿ ಅಮ್ಮಾರ."

"ಮಾಡಿ ನೋಡೀರಿ ಹೌದಲ್ಲೋ?"

"ಅದೂ ಇಲ್ರಿ."

ಐದು ವರ್ಷದ ಮಾತಾಡುತ್ತಾರೆ, ಒಂದು ಹಿಡಿ ಶೇಂಗಾ ಹುರಿದಿಲ್ಲ! ಮೊದಲು ಒಲೆ ಹಚ್ಚಿರಿ, ಆಮೇಲೆ ಫೈಲು ಬಿಚ್ಚಿರಿ ಎಂದು ಬೈದೆ. ಹುಡುಗರು ಮುಖ ಇಳಿಸಿದರು. ಮೈಲಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಸಾಬೂನು ಪುಡಿ ಮಾಡುವ ಇನ್ನೊಂದು ಗುಂಪಿಗೆ ಕಿರಾಣಿ ಅಂಗಡಿಯ ಗುರುಸಂಗಪ್ಪನನ್ನು ಹಾಕಿದ್ದಾರೆ. ಎರಡು ಸಲ ದಿವಾಳಿ ಎದ್ದ ಮನುಷ್ಯ ಹುಡುಗರಿಗೆ ಏನು ಕಲಿಸುತ್ತಾನೋ. ಆದರೆ ಅವನ ಕೈಗುಣ ಒಳ್ಳೆಯದು ಎಂದು ಊರಿಗೆ ಊರೇ ನಂಬಿದೆ. ಯಾವ ಹೊಸ ಅಂಗಡಿ ತೆಗೆದರೂ ಮೊದಲ ಸಾಮಾನು ಅವನೇ ಕೊಳ್ಳಬೇಕು. ತನ್ನ ಅಂಗಡಿಯೊಂದನ್ನು ಬಿಟ್ಟು ಎಲ್ಲರ ಅಂಗಡಿಗೂ ಆ ಕೈ ಚಲೋ.

ಜುಲೈ 24

ಮೂವರನ್ನೂ ಭಟ್ಟಿಗೆ ಕರೆಸಿಕೊಂಡಿದ್ದೇನೆ. ಬಾಗಿಲು ತೆಗೆಯುವುದರಿಂದ ಹಾಕುವ ತನಕ ಇರಬೇಕು, ನಾವು ಮಾಡಿದ್ದನ್ನು ನೋಡಬೇಕು. ಉಸ್ಮಾನ್ ಬಂದ ದಿನವೇ ಒಲೆಗೆ ಹೊಟ್ಟು ಹಾಕುವ ಕೊಳವೆ ಬಿಚ್ಚಿಟ್ಟ. ಎದೆ ಬಡಿದುಕೊಂಡೆ. ಸಂಜೆಗೆ ಸರಿಯಾಗಿಯೇ ಕೂರಿಸಿದ, ಅದು ಬೇರೆ ಮಾತು.

ಇವತ್ತು ಬೋಣಿಯ ವಿಷಯ ಹೇಳಿಕೊಟ್ಟೆ. ದಿನದ ಮೊದಲ ಮಾರಾಟ ಕೆಟ್ಟರೆ ದಿನವೇ ಕೆಟ್ಟಂತೆ. ಬೋಣಿ ಗಿರಾಕಿಗೆ ಉದ್ರಿ ಇಲ್ಲ; ಆದರೆ ಅವನನ್ನು ಬರಿಗೈಲೆ ಮಾತ್ರ ಕಳಿಸಬಾರದು. ದರಕ್ಕೆ ಜಗ್ಗಾಡಿದರೆ ನಾಲ್ಕು ಕಾಳು ಹೆಚ್ಚಿಗೆ ಹಾಕಿಯಾದರೂ ಕೊಟ್ಟು ಕಳಿಸಬೇಕು. ಹುಡುಗರು ತಲೆಯಾಡಿಸಿದರು.

ಮೈಲಮ್ಮ ಕೇಳಿದಳು: "ಅಮ್ಮಾರ, ಅಂಗಡಿ ತೆಗೆದ ಕೂಡಲೇ ನೀವು ಹಿಂದ ಭಟ್ಟಿ ಕಡೆ ಯಾಕ ಹೋಗಿ ನಿಂದರ್ತೀರಿ? ಹೈದರ ಚಾಚಾ ಒಂದು ಮಾರಿದ ಮ್ಯಾಲೆನs ಬಂದು ದುಡ್ಡಿನ ಗಲ್ಲೆಕ್ಕ ಕುಂದರ್ತೀರಿ."

ಎಂಥ ಹುಡುಗಿ ಇವಳು! ನನ್ನನ್ನು ಈ ಮಾತು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳುವ ಮಾತೂ ಅಲ್ಲ. ಗಂಡ ಇಲ್ಲದವಳು ಬೋಣಿಗೆ ಎದುರು ನಿಲ್ಲಬಾರದು, ಬೋಣಿ ಆದ ಮೇಲೆ ಬಂದರೆ ಏನೂ ತೊಂದರೆ ಇಲ್ಲ, ನಮ್ಮತ್ತೆ ಆಗಲೇ ಹೇಳಿದ್ದರು, ನಾನು ತಪ್ಪಿಲ್ಲ, ಅದಕ್ಕೇ ಒಂದು ಭಟ್ಟಿ ನಾಲ್ಕಾಯಿತು ಎಂದೆ.

"ಅದಕ್ಕs ಏನ್ರಿ?" ಎಂದಳು.

ಆಗಸ್ಟ್ 6

ಚಿಕ್ಕಿ ಕುದುರಿದೆ. ಒಂದು ವಾರ ಬೆಲ್ಲ ಸೀದದ್ದೇನು, ಹಲ್ಲಿಗೆ ಅಂಟಿದ್ದೇನು! ಕೊನೆಗೆ ನಮ್ಮ ಭಟ್ಟಿಯ ಅಂಜಿನಕ್ಕನೂ ಮೈಲಮ್ಮನೂ ಕೂಡಿ ಹದ ಹಿಡಿದರು. ಮುರಿದರೆ ಟಕ್ಕೆನ್ನುತ್ತದೆ. ರುಚಿ ನೋಡಲೆಂದು ಬಸ್ ಸ್ಟ್ಯಾಂಡಿನಲ್ಲಿ ಪುಕ್ಕಟೆ ಹಂಚಲು ಕಳಿಸಿದೆ. ಪಾಲಾಕ್ಷಪ್ಪ ನಾಚಿಕೊಂಡು ಕಂಬ ಹಿಡಿದು ನಿಂತನಂತೆ. ಮೈಲಮ್ಮ ಬಸ್ಸು ಹತ್ತಿ ಹಂಚಿ, ಮಾತಾಡಿಸಿ, ಹಡಗಲಿ ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನೇ ಮರೆಯುವಂತೆ ಮಾಡಿದಳಂತೆ. ಮಾರುವ ಬಾಯಿ ಎಂದರೆ ಅದು. ಅಂಗಡಿ ತೆಗೆದ ಮೇಲೆ ಮಾರಾಟದ ಟೇಬಲ್ಲಿಗೆ ಅವಳೇ ಕೂಡಬೇಕು, ಹುಡುಗರು ಒಳಗಿನ ಕೆಲಸ ನೋಡಲಿ ಎಂದು ನಾನೇ ಹೇಳಿದೆ.

ಈಗ ಅಧಿಕ ಮಾಸ. ಅದು ಕಳೆದು ನಿಜ ಶ್ರಾವಣದ ಕೊನೆಯ ಸೋಮವಾರ ಶುರು ಮಾಡುವುದು ಎಂದು ನಿಶ್ಚಯವಾಯಿತು.

ಆಗಸ್ಟ್ 21

ಮೈಲಮ್ಮನಿಗೆ ಗಂಡ ಇಲ್ಲ. ಪಾಲಾಕ್ಷಪ್ಪ ಮಾತಿನ ಮಧ್ಯೆ ಬಾಯಿ ಬಿಟ್ಟ. ಹದಿನೇಳಕ್ಕೆ ಮದುವೆಯಾಗಿ, ವರ್ಷ ತುಂಬುವುದರೊಳಗೆ ಆ ಹುಡುಗ ಕುರಿ ಹಿಂದೆ ಹೋದಲ್ಲಿ ಸಿಡಿಲು ಬಡಿದು ಸತ್ತನಂತೆ. ಇಷ್ಟು ದಿನ ನನ್ನ ಅಂಗಡಿಯಲ್ಲಿ ಬೆಳಬೆಳಿಗ್ಗೆ ಹಣೆಗೆ ಬೊಟ್ಟು ಇಟ್ಟು, ಕೈತುಂಬ ಬಳೆ ತೊಟ್ಟುಕೊಂಡು ನನ್ನ ಗಲ್ಲೆಯ ಎದುರೇ ನಿಂತಿದ್ದಳಲ್ಲ!

ಕರೆದು ಕೇಳಿದೆ. ತಲೆ ತಗ್ಗಿಸಲಿಲ್ಲ.

"ಹೌದ್ರಿ. ಉಡಿಕಿ ಮಾಡಿ ಇನ್ನೊಂದು ಮನಿಗೆ ಕೊಡತೀವಿ ಅಂದ್ರು ನಮ್ಮ ಮಂದಿ. ನಾನು ಓದತೀನಿ ಅಂದೆ. ನಮ್ಮವ್ವ ಮರಿ ಮಾರಿ ಓದಿಸ್ಯಾಳ."

"ನನಗ ಯಾಕ ಹೇಳಲಿಲ್ಲವ್ವ?"

"ನೀವು ಕೇಳಿದ್ದು ಬೆಲ್ಲದ ಪಾಕ ಬರತೈತೇನು ಅಂತ. ಬರತೈತಿ ಅಂದೆ."

ಸಿಟ್ಟು ಬಂತು, ಮರುಕವೂ ಆಯಿತು. ಈಗ ಅವಳಿಗೆ ಇಪ್ಪತ್ತೆರಡು ವರ್ಷ. ನನಗಿಂತ ಎಷ್ಟು ಸಣ್ಣ ವಯಸ್ಸಿನಲ್ಲಿ ಅವಳಿಗೆ ಈ ಗತಿ ಬಂತು.

ಆಗಸ್ಟ್ 27

ರೂಮಿನ ಮಾಲೀಕನಿಗೂ ಸುದ್ದಿ ಮುಟ್ಟಿದೆ. ಹೊಸ ಅಂಗಡಿ, ಮೊದಲ ದಿನ, ಟೇಬಲ್ಲಿನಲ್ಲಿ ಅಂಥವಳು ಕೂತರೆ ಹೆಂಗೆ ಎಂದು ರಾಗ ಎಳೆದನಂತೆ. ಹುಡುಗರಿಬ್ಬರೂ ನನ್ನ ಹತ್ತಿರ ಓಡಿಬಂದರು. ಹಿಂದೆಯೇ ಮೈಲಮ್ಮ. "ನೀವು ಹೇಳಿದಂಗ ಅಮ್ಮಾರ" ಎಂದು ಪಾಲಾಕ್ಷಪ್ಪ ಎಲ್ಲ ನನ್ನ ತಲೆಗೆ ಕಟ್ಟಿದ.

ನಾನು ಹೇಳಿದೆ. ಮಾರ್ಗದರ್ಶಕಿ ಎಂದ ಮೇಲೆ ಹೇಳಲೇಬೇಕಲ್ಲ. ಟೇಬಲ್ಲಿಗೆ ಪಾಲಾಕ್ಷಪ್ಪ ಕೂಡಲಿ. ಗುರುಸಂಗಪ್ಪನನ್ನು ಕರೆಸಿ ಬೋಣಿ ಮಾಡಿಸಿರಿ. ಮೈಲಮ್ಮ ಒಳಗೆ ಬಾಣಲೆಯ ಹತ್ತಿರ ಇರಲಿ, ಬೋಣಿ ಆದ ಮೇಲೆ ಹೊರಗೆ ಬರಲಿ.

"ಮೊದಲನೇ ದಿನ ಅಷ್ಟs ಏನ್ರಿ?" ಮೈಲಮ್ಮ ಕೇಳಿದಳು.

"ದಿನಾಲೂ. ನಾನು ಮಾಡತೀನಲ್ಲ, ಹಂಗ. ಏನು ಕಡಿಮಿ ಆಗೇತಿ ನನಗ?"

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ನೋಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅಯ್ಯೋ ಪಾಪ ಅನ್ನುವ ಹಾಗೆ ನೋಡಿದಳು. ನನ್ನನ್ನು! ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಆಗಸ್ಟ್ 29

ಮೈಲಮ್ಮ ಬರಲಿಲ್ಲ.

ಸೆಪ್ಟೆಂಬರ್ 1

ಉಸ್ಮಾನ್ ಇಟ್ಟಿಗಿಗೆ ಹೋಗಿ ಬಂದ. ಕುರಿ ಹಟ್ಟಿಯಲ್ಲಿ ಅವ್ವನ ಜೊತೆ ಇದ್ದಾಳೆ, ಬರುವುದಿಲ್ಲ ಎಂದಳಂತೆ.

"ಹಿಂದ ನಿಂತು ಬದುಕಾಕ ಬಿ.ಎ. ಯಾಕ ಓದಬೇಕಿತ್ತು ಅಂತಾಳ್ರಿ. ಅಮ್ಮಾರ, ಆಕಿ ಇಲ್ಲಂದ್ರ ನಾನೂ ಇಲ್ಲ. ಚಿಕ್ಕಿ ಮಾಡಾಕೂ ಆಕಿನs ಬೇಕು, ಮಾರಾಕೂ ಆಕಿನs ಬೇಕು. ನಾವಿಬ್ರು ಏನು ಫೈಲು ಮಾರಬೇಕೇನು?"

ಯೋಜನೆ ನಿಂತರೆ ನಿಲ್ಲಲಿ. ನನಗೇನು? ನನ್ನ ನಾಲ್ಕು ಭಟ್ಟಿ ನನಗಿವೆ. ಹೀಗೆಂದು ಬರೆಯುತ್ತಿದ್ದೇನೆ, ಊಟ ಮಾತ್ರ ಸೇರಲಿಲ್ಲ. ಆ ಹುಡುಗಿ ಕುರಿ ಹಿಂದೆ ಹೋದರೆ ಮತ್ತೆ ಈ ಕಡೆ ಬರುವವಳಲ್ಲ.

ಸೆಪ್ಟೆಂಬರ್ 4

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಇಲ್ಲವಾದರೆ ನಾನೇ ನಂಬಲಿಕ್ಕಿಲ್ಲ.

ಬೆಳಿಗ್ಗೆ ಹೈದರಸಾಬ ಬಾಗಿಲು ತೆಗೆದು ನೀರು ಚಿಮುಕಿಸಿದ. ನಾನು ಎಂದಿನಂತೆ ಹಿಂದೆ ಭಟ್ಟಿಯ ಹತ್ತಿರ ಇದ್ದೆ. ಮುಂದೆ ಯಾರೋ ಬಂದ ಸದ್ದು. "ಒಂದು ಸೇರು ಮಂಡಕ್ಕಿ ಕೊಡ್ರಿ" ಎಂಬ ಧ್ವನಿ ಕೇಳಿಸಿತು. ಮೈಲಮ್ಮ!

"ಬಾರವ್ವ ಬಾ" ಎಂದು ಹೈದರಸಾಬ ಸೇರು ತೆಗೆದುಕೊಂಡಿರಬೇಕು.

"ನೀನು ಬ್ಯಾಡ ಚಾಚಾ. ಅಮ್ಮಾರ ಕೈಲೆ ಬೇಕು."

ಹಿಂದಿನಿಂದಲೇ ಕೂಗಿದೆ: "ಸ್ವಲ್ಪ ತಡಿ ಮೈಲಮ್ಮ. ಬೋಣಿ ಆಗಲಿ, ಬರತೀನಿ."

"ನಂದs ಬೋಣಿ ರೀ."

"ಹಂಗಾದ್ರ ಹೈದರಸಾಬ ಅಳದು ಕೊಡತಾನ, ತಗೋ."

"ನೀವು ಕೊಟ್ರ ತಗೋತೀನಿ. ಇಲ್ಲಂದ್ರ ಬರಿಗೈಲೆ ಹೋಗತೀನಿ. ಬೋಣಿ ಗಿರಾಕಿನ ಬರಿಗೈಲೆ ಕಳಸಬಾರದು ಅಂತ ನೀವs ಕಲಿಸೀರಿ."

ಅಷ್ಟರಲ್ಲಿ ಮಿರ್ಚಿ ಹೋಟೆಲಿನವನು ಚೀಲ ಹಿಡಿದುಕೊಂಡು ಬಂದು ನಿಂತಿದ್ದ. ಅವನ ಹಿಂದೆ ಇನ್ನೂ ಇಬ್ಬರು. ಯಾರೂ ಮುಂದೆ ಬರುತ್ತಿಲ್ಲ. ಬೋಣಿ ಅರ್ಧಕ್ಕೆ ನಿಂತಿದೆ, ಮುರಿಯುವವರು ಯಾರು? ನಾನು ಮುಂದೆ ಹೋದರೆ ಕೇಡು. ಹೋಗದಿದ್ದರೆ ಅವಳು ಬರಿಗೈಲೆ ತಿರುಗಿ ಹೋಗುತ್ತಾಳೆ, ಅದೂ ಕೇಡು. ಅದೂ ಹೋಗಲಿ, ಈಗ ಹೋದರೆ ಅವಳು ಕಾಯಂ ಇಟ್ಟಿಗಿಗೆ ಹೋದ ಹಾಗೆಯೇ ಸರಿ.

ಅವಳು ಮೆಟ್ಟಿಲು ಇಳಿದದ್ದು ಬಾಗಿಲ ಸಂದಿಯಿಂದ ಕಂಡಿತು.

"ನಿಂದರು!" ಎಂದೆ. ಹೊರಗೆ ಬಂದಿದ್ದೆ. ಹೈದರಸಾಬನ ಬಾಯಿ ತೆರೆದೇ ಇತ್ತು. ಅವನ ಕೈಯಿಂದ ಸೇರು ಕಸಿದುಕೊಂಡು ಮಂಡಕ್ಕಿ ತುಂಬಿದೆ. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಮತ್ತೆ ತುಂಬಿದೆ. ಅವಳು ಸೆರಗು ಒಡ್ಡಿದಳು, ಸುರಿದೆ. ನಾಣ್ಯ ಕೊಟ್ಟಳು. ಬೋಣಿಯ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುವುದು ರೂಢಿ. ನನ್ನ ಕೈ ತಾನಾಗಿ ಕಣ್ಣಿಗೆ ಹೋಯಿತು. ನಾಣ್ಯ ತಣ್ಣಗಿತ್ತು.

ಮೈಲಮ್ಮ ಸೆರಗು ಗಂಟು ಕಟ್ಟಿಕೊಂಡು ಹೊರಟುಹೋದಳು. ಮಿರ್ಚಿ ಹೋಟೆಲಿನವನು ನನ್ನ ಮುಖ ನೋಡಿದ, ಹೈದರಸಾಬನ ಮುಖ ನೋಡಿದ, ಆಮೇಲೆ, "ನನಗ ಮೂರು ಚೀಲ ಬೇಕ್ರಿ, ಲಗೂನ ಹಾಕ್ರಿ, ಎಣ್ಣಿ ಕಾಯಾಕತ್ತೈತಿ" ಎಂದ.

ಅದೇ ದಿನ, ದೀಪ ಹಚ್ಚಿದ ಮೇಲೆ

ಇಡೀ ದಿನ ಕಾದೆ. ಭಟ್ಟಿಗೆ ಬೆಂಕಿ ಬೀಳಬಹುದು, ಲಾರಿ ಕೆಟ್ಟು ನಿಲ್ಲಬಹುದು, ಯಾರಿಗಾದರೂ ಮಂಡಕ್ಕಿ ಹುರಿಯುವ ಬಿಸಿ ಮರಳು ಸಿಡಿಯಬಹುದು. ಹರಪನಹಳ್ಳಿಯಿಂದ ಆಳು ಬಂದ ಎಂದಾಗ ಕೆಟ್ಟ ಸುದ್ದಿಯೇ ಇರಬೇಕೆಂದು ಗೋಡೆ ಹಿಡಿದುಕೊಂಡೆ. ಅವನು ಇನ್ನಷ್ಟು ಮಂಡಕ್ಕಿ ಕೇಳಲು ಬಂದಿದ್ದ. ಮಧ್ಯಾಹ್ನ ಹೈದರಸಾಬ ಒಂದು ಸಲ ಕೆಮ್ಮಿದ್ದಕ್ಕೆ ಡಾಕ್ಟರ ಹತ್ತಿರ ಹೋಗು ಎಂದೆ. "ಇದು ಬೀಡಿ ಕೆಮ್ಮು ರೀ ಅಕ್ಕಾರ, ನಿನ್ನೆನೂ ಕೆಮ್ಮೇನಿ" ಎಂದ.

ಏನೂ ಆಗಲಿಲ್ಲ.

ಎಲ್ಲ ಬುಧವಾರದ ಹಾಗೆಯೇ ಈ ಬುಧವಾರವೂ ಇತ್ತು. ಎಂದಿನವರೇ ಬಂದರು, ಎಂದಿನಷ್ಟೇ ಜಗ್ಗಾಡಿದರು. ಇದಕ್ಕಿಂತ ಏನಾದರೂ ಕೆಟ್ಟದ್ದೇ ಆಗಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಏನೂ ಆಗುವುದಿಲ್ಲ ಅನ್ನುವುದಾದರೆ, ಆ ಬಿಸಿ ಭಟ್ಟಿಯ ಪಕ್ಕ ಗೋಡೆಗೆ ಮುಖ ಮಾಡಿ ನಾನು ನಿಂತಿದ್ದು ಯಾವುದಕ್ಕೆ?

ಸೆಪ್ಟೆಂಬರ್ 5

ಇವತ್ತು ಯಾರೂ ಬಲವಂತ ಮಾಡಲಿಲ್ಲ. ಬಾಗಿಲು ತೆಗೆದಾಗ ನಾನೇ ಮುಂದೆ ನಿಂತೆ. ಮೊದಲು ಬಂದವರು ಒಬ್ಬರು ಮೇಷ್ಟ್ರು. ನನ್ನನ್ನು ಸರಿಯಾಗಿ ನೋಡಲೂ ಇಲ್ಲ, ಮಂಡಕ್ಕಿ ಗರಿಗರಿ ಇದೆಯೇ ಎಂದು ಕೇಳಿ ತೆಗೆದುಕೊಂಡು ಹೋದರು.

ಇವತ್ತೂ ಏನೂ ಆಗಲಿಲ್ಲ. ನನಗೆ ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ಗೊತ್ತಿಲ್ಲ. ಅತ್ತೆ ತೀರಿಹೋಗಿದ್ದಾರೆ. ಬಾಯಿಗೆ ಸಿಕ್ಕ ಹೈದರಸಾಬನನ್ನೇ ಬೈದೆ.

"ಇಷ್ಟು ವರ್ಷ ನೀನರ ಒಂದು ಮಾತು ಹೇಳಬಾರದಾಗಿತ್ತೇನೋ?"

"ನಿಮ್ಮ ಪದ್ಧತಿ, ನಾನೇನು ಹೇಳಲ್ರಿ? ನೀವು ಹಿಂದ ನಿಂತಿದ್ದು ನೋಡಿ ದಿನಾ ಹೊಟ್ಟಿ ಉರಿಯೋದು" ಎಂದ.

ಸೆಪ್ಟೆಂಬರ್ 6

ಉಸ್ಮಾನನನ್ನು ಇಟ್ಟಿಗಿಗೆ ಕಳಿಸಿದೆ. ಟೇಬಲ್ಲು ನಿನ್ನದು, ಬೆಲ್ಲ ತರಿಸಿಯಾಗಿದೆ, ತಡ ಮಾಡಿದರೆ ನೀರು ಬಿಡುತ್ತದೆ, ಇಷ್ಟೇ ಹೇಳು ಎಂದೆ. ಪಾಲಾಕ್ಷಪ್ಪ ರೂಮಿನ ಮಾಲೀಕನಿಗೆ ಏನು ಹೇಳೋಣ ಎಂದ. "ಫೈಲು ತೋರಿಸು" ಎಂದೆ. ಹುಡುಗ ಮೊದಲ ಸಲ ನಕ್ಕ.

ಸೆಪ್ಟೆಂಬರ್ 9, ಸೋಮವಾರ

ಬೆಳಗಿನ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋದೆ. ರೂಮಿನ ಮುಂದೆ ಮಾವಿನ ಎಲೆ ಕಟ್ಟಿದ್ದರು. ಪ್ರಿನ್ಸಿಪಾಲರು ಬಂದಿದ್ದರು, ಯೂನಿವರ್ಸಿಟಿಯ ಒಬ್ಬ ಸಾಹೇಬರೂ ಇದ್ದರು. ಮಾಲೀಕ ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದ. ಮೈಲಮ್ಮ ಟೇಬಲ್ಲಿನ ಹಿಂದೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕೂಡು ಎಂದು ಸನ್ನೆ ಮಾಡಿದೆ. ಅವಳ ಅವ್ವ ಈರಕ್ಕ ಎಲ್ಲರ ಹಿಂದೆ, ಚರಂಡಿಯ ಆಚೆ ನಿಂತಿದ್ದಳು. ಗುಂಪಿನಲ್ಲಿ ಅವಳು ನನಗೆ ಮೊದಲು ಕಂಡಳು. ನಮ್ಮಂಥ ಗಂಡನಿಲ್ಲದವರು ಅಂಥ ಕಡೆ ಎಲ್ಲಿ ಹೋಗಿ ನಿಲ್ಲುತ್ತಾರೆಂದು ನನಗಲ್ಲದೆ ಇನ್ನಾರಿಗೆ ಗೊತ್ತು? ಕೈಹಿಡಿದು ಮುಂದೆ ಕರೆದುಕೊಂಡು ಬಂದೆ. ಬ್ಯಾಡ್ರಿ ಬ್ಯಾಡ್ರಿ ಎನ್ನುತ್ತಲೇ ಬಂದಳು.

ಆಗಲೇ ಗುರುಸಂಗಪ್ಪ ಬಂದುಬಿಟ್ಟ! ಅವನಿಗೆ ಬೇಡವೆಂದು ಹೇಳಿ ಕಳಿಸುವುದನ್ನು ನಾನು ಮರೆತೇಬಿಟ್ಟಿದ್ದೆ. ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಪ್ರಿನ್ಸಿಪಾಲರೇ ಅವನಿಗೆ ದಾರಿ ಬಿಟ್ಟರು. ಅವನು ಜೇಬಿಗೆ ಕೈ ಹಾಕಿಕೊಂಡೇ ಟೇಬಲ್ಲಿನ ಕಡೆ ನಡೆದ. ಮೈಲಮ್ಮನನ್ನು ನೋಡಿ ಜೇಬಿನ ಕೈ ಜೇಬಿನಲ್ಲೇ ನಿಂತಿತು.

"ಪಾಲಾಕ್ಷಪ್ಪ, ನೀ ಕುಂದರಪ್ಪ. ಆಕಿ ಆಮ್ಯಾಲೆ ಕುಂದರಲಿ" ಎಂದ.

ಮೈಲಮ್ಮನ ಮುಖ ಕೆಂಪಾಯಿತು, ಆದರೆ ಏಳಲಿಲ್ಲ. ಪಾಲಾಕ್ಷಪ್ಪ ನನ್ನ ಕಡೆ ನೋಡಿದ.

ನಾನು ಗುರುಸಂಗಪ್ಪನನ್ನು ದಾಟಿ ಮುಂದೆ ಹೋದೆ. ಅವನ ಶಲ್ಯ ನನ್ನ ತೋಳಿಗೆ ತಗುಲಿತು. "ಒಂದು ಪ್ಯಾಕೆಟ್ ಕೊಡವ್ವ" ಎಂದೆ. ಮೈಲಮ್ಮ ಕೊಟ್ಟಳು. ನಾನು ಕೊಟ್ಟ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡಳು, ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ಹಿಂದೆ ಈರಕ್ಕ ಬಿಕ್ಕಿದ್ದು ಕೇಳಿಸಿತು. ಯೂನಿವರ್ಸಿಟಿ ಸಾಹೇಬರು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು.

ಗುರುಸಂಗಪ್ಪ ದಿಗಿಲು ಬಿದ್ದವನ ಹಾಗೆ ನಿಂತಿದ್ದ. ಪಾಪ, ಮನುಷ್ಯ ಕೆಟ್ಟವನಲ್ಲ. ಊರು ಅವನಿಗೆ ಉಳಿಸಿದ್ದ ಮರ್ಯಾದೆ ಅದೊಂದೇ.

"ಬೋಣಿ ನೀವs ಮಾಡಿಬಿಟ್ರಿ. ಹಂಗಾದ್ರ ನನ್ನ ಯಾತಕ್ಕ ಕರೆಸಿದ್ರಿ ಬಸಮ್ಮಾರ?" ಎಂದ.

"ಚಿಕ್ಕಿ ತಗೊಳ್ಳಾಕ" ಎಂದೆ.

ನನ್ನ ಬಾಯಿಂದಲೇ ಬಂದ ಮಾತೇ ಇದು ಎಂದು ಬೆಚ್ಚಿದೆ. ಅವನು ಒಂದು ಗಳಿಗೆ ಮೈಲಮ್ಮನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಶಲ್ಯ ಸರಿಮಾಡಿಕೊಂಡು, ನಾನು ನಿಂತಿದ್ದ ಜಾಗದ ಹಿಂದೆ ಬಂದು ತನ್ನ ಪಾಳಿಗೆ ಕಾಯುತ್ತ ನಿಂತ.